ಹತ್ತು ರೂಪಾಯಿ ಬಿಲ್ಲೆಗೆ ಹದಿನಾಲ್ಕು ಮುಖ!

ಟಂಕಸಾಲೆಯವರು ಮುಂದೇನು ಮಾಡಬೇಕು? ಸಕಲೇಶಪುರ-ಆಲೂರು ನಾಣ್ಯಪ್ರಿಯರ ಚರ್ಚೆ

ಸಕಲೇಶಪುರ: ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಗೆ ಹೋಗಿ ಹತ್ತು ರೂಪಾಯಿ ನಾಣ್ಯವೊಂದನ್ನು ಮುಂದೆ ಚಾಚಿ ನೋಡಿ. ಕೆಲವರು ಸುಮ್ಮನೆ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುತ್ತಾರೆ. ಇನ್ನು ಕೆಲವರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ನೋಟಿದ್ರೆ ಕೊಡಿ ಸ್ವಾಮಿ, ಈ ಬಿಲ್ಲೆ ನಡೆಯಲ್ಲ" ಎಂದು ವಾಪಸು ತಳ್ಳುತ್ತಾರೆ. "ಯಾಕ್ರೀ ನಡೆಯಲ್ಲ, ಸರ್ಕಾರದ್ದಲ್ವಾ ಇದು?" ಎಂದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ನಂದೇನೂ ತಕರಾರಿಲ್ಲ. ನಾನು ತಗೊಂಡ್ರೆ ನನ್ನತ್ರ ಬೇರೆಯವರು ತಗೊಳಲ್ಲವಲ್ಲ!"

ಈ "ಬೇರೆಯವರು" ಯಾರೋ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಸಕಲೇಶಪುರದವರು ಆಲೂರಿನವರತ್ತ ಕೈ ತೋರಿಸುತ್ತಾರೆ, ಆಲೂರಿನವರು ಹಾಸನದತ್ತ. ಬಾಳ್ಳುಪೇಟೆಯಲ್ಲಿ ಬೇಡವಾದ ಬಿಲ್ಲೆ ಘಾಟಿ ಇಳಿದು ಮಂಗಳೂರು ಕಡೆ ಹೋದರೂ ಹೋಗಬಹುದು, ಇಲ್ಲವೇ ದೇವರ ಹುಂಡಿಗೆ ಬಿದ್ದು ಪುಣ್ಯ ಕಟ್ಟಿಕೊಳ್ಳಬಹುದು. ಮನುಷ್ಯರು ಬೇಡವೆಂದ ನಾಣ್ಯವನ್ನು ದೇವರು ಮಾತ್ರ ಬೇಡವೆನ್ನುವುದಿಲ್ಲ.

ಇದು ಚಿಲ್ಲರೆ ವಿಷಯ ಎಂದು ನಗುವವರು ನಗಲಿ. ಆದರೆ ಕೈಯಲ್ಲಿ ಎರಡೇ ಬಿಲ್ಲೆ ಇಟ್ಟುಕೊಂಡು ಕಾಫಿ ತೋಟದಿಂದ ಸಂತೆಗೆ ಬಂದ ಕೂಲಿಯವಳಿಗೆ ಇದು ಚಿಲ್ಲರೆಯಲ್ಲ. ಮಗುವಿಗೆ ಬನ್ನು ಕೊಡಿಸುವ ಆಸೆ ಆ ಎರಡು ಬಿಲ್ಲೆಯ ಮೇಲೆಯೇ ನಿಂತಿರುತ್ತದೆ.

ಸುಳ್ಳು ಸುದ್ದಿಯ ಮೂಲ

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. ಹೊರಗೆ ಹಿತ್ತಾಳೆ ಬಣ್ಣದ ಬಳೆ, ಒಳಗೆ ಬೆಳ್ಳಿ ಬಣ್ಣದ ಬಿಲ್ಲೆ. ಅಲ್ಲಿಂದೀಚೆಗೆ ಅದರ ಮೇಲಿನ ಚಿತ್ರ ಎಷ್ಟೋ ಸಲ ಬದಲಾಯಿತು. 2010ರ ಜುಲೈಯಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತು, ಮರುವರ್ಷ ಆ ಚಿಹ್ನೆ ನಾಣ್ಯದ ಮೇಲೂ ಬಂತು. ಆಗ ಶುರುವಾಯಿತು ನೋಡಿ ತಮಾಷೆ. "ಚಿಹ್ನೆ ಇರೋದು ಅಸಲಿ, ಇಲ್ಲದ್ದು ನಕಲಿ" ಎಂದು ಒಬ್ಬರು. "ಹತ್ತು ಗೆರೆ ಇರೋದು ಅಸಲಿ, ಹದಿನೈದು ಗೆರೆ ಇರೋದು ನಕಲಿ" ಎಂದು ಇನ್ನೊಬ್ಬರು. ಮೊಬೈಲಿನಲ್ಲಿ ಹರಿದ ಈ ಮಾತಿಗೆ ತಲೆಬುಡ ಇರಲಿಲ್ಲ.

ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಬಾಯಿ ಬಿಟ್ಟು ಹೇಳಬೇಕಾಯಿತು. ಅಲ್ಲಿಯವರೆಗೆ ಬಿಡುಗಡೆಯಾದ ಹತ್ತು ರೂಪಾಯಿ ನಾಣ್ಯದ ವಿನ್ಯಾಸಗಳು ಒಟ್ಟು 14, ಹದಿನಾಲ್ಕೂ ಚಲಾವಣೆಯಲ್ಲಿವೆ, ಹದಿನಾಲ್ಕನ್ನೂ ಬ್ಯಾಂಕುಗಳು ತೆಗೆದುಕೊಳ್ಳಲೇಬೇಕು ಎಂದು. ಹೇಳಿ ವರ್ಷಗಳೇ ಕಳೆದರೂ ಸುಳ್ಳು ಇನ್ನೂ ಕುಂಟುತ್ತಲೇ ಓಡಾಡುತ್ತಿದೆ. ಸತ್ಯ ಹೊಸಿಲು ದಾಟುವಷ್ಟರಲ್ಲಿ ಸುಳ್ಳು ಊರು ಸುತ್ತಿ ಬಂದಿರುತ್ತದೆ ಎನ್ನುವುದು ಸುಮ್ಮನೆ ಅಲ್ಲ.

ಚಹದ ಲೋಟದ ಸುತ್ತ

ಈ ಮಲೆಯ ಸೀಮೆಯಲ್ಲಿ ನಾಣ್ಯ ಕೂಡಿಡುವ ಹುಚ್ಚು ಹಿಡಿಸಿಕೊಂಡವರು ಅಲ್ಲಲ್ಲಿ ಇದ್ದಾರೆ. ಯಾರೂ ಕೋಟ್ಯಧೀಶರಲ್ಲ. ಪಿಂಚಣಿ ಪಡೆಯುವ ಮೇಷ್ಟ್ರು, ಎಸ್ಟೇಟಿನ ರೈಟರು, ಕಿರಾಣಿ ಅಂಗಡಿಯವರು, ಬಸ್ಸಿನ ಕಂಡಕ್ಟರು, ಹೀಗೆ. ಬಿಸ್ಕತ್ತಿನ ಡಬ್ಬದಲ್ಲಿ, ಹಳೇ ಫೋಟೊ ಆಲ್ಬಮ್ಮಿನಲ್ಲಿ, ಕೆಲವರು ಹೆಂಡತಿಗೆ ಕಾಣದಂತೆ ಅಟ್ಟದ ಮೇಲೆ ಬಿಲ್ಲೆಗಳನ್ನು ಜೋಡಿಸಿಟ್ಟಿರುತ್ತಾರೆ. ಇಂಥವರು ಇಬ್ಬರು ಸೇರಿದರೆ ಸಾಕು, ಚಹ ತಣ್ಣಗಾದರೂ ಮಾತು ತಣ್ಣಗಾಗದು. ಮಾತು ಹೊರಡುವುದು ಹಳೇ ಕಾಸಿನಿಂದ, ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಟಂಕಸಾಲೆಯವರು ಮುಂದೆ ಎಂಥ ನಾಣ್ಯ ಹೊಡೆಯಬೇಕು?

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಾಣ್ಯ ರಿಸರ್ವ್ ಬ್ಯಾಂಕಿನದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನಾಣ್ಯ ಕೇಂದ್ರ ಸರ್ಕಾರದ್ದು. 2011ರ ನಾಣ್ಯ ಕಾಯ್ದೆಯಂತೆ ಎಷ್ಟು ರೂಪಾಯಿಯ ನಾಣ್ಯ, ಯಾವ ಲೋಹ, ಯಾವ ಚಿತ್ರ ಎಂಬುದನ್ನೆಲ್ಲ ತೀರ್ಮಾನಿಸುವುದು ಸರ್ಕಾರ. ರಿಸರ್ವ್ ಬ್ಯಾಂಕು ಇಷ್ಟು ಬೇಕೆಂದು ಬೇಡಿಕೆ ಸಲ್ಲಿಸಿ, ಬಂದದ್ದನ್ನು ಹಂಚುತ್ತದೆ, ಅಷ್ಟೆ. ನಾಣ್ಯ ಹೊಡೆಯುವ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲ್ಕತ್ತ, ಹೈದರಾಬಾದು ಮತ್ತು ನೋಯ್ಡಾ. ಮುಂಬಯಿಯದು 1829ರ ಕಾಲದ್ದು, ನೋಯ್ಡಾದ್ದು 1988ರಲ್ಲಿ ಶುರುವಾದದ್ದು. ನಾಲ್ಕೂ 2006ರಿಂದ ಭದ್ರತಾ ಮುದ್ರಣ ಮತ್ತು ಟಂಕಣ ನಿಗಮದ ಕೈಕೆಳಗಿವೆ. ನಮ್ಮ ರಾಜ್ಯದಲ್ಲಿ ಟಂಕಸಾಲೆ ಇಲ್ಲ. ಆದರೆ ಮೈಸೂರಿನಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ.

ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಗಲ್ಲಾಪೆಟ್ಟಿಗೆಯ ನಾಣ್ಯವೊಂದನ್ನು ಹಿಡಿದು ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ವಜ್ರದಾಕಾರದ ಗುರುತಿದ್ದರೆ ಮುಂಬಯಿ. ನಕ್ಷತ್ರವಿದ್ದರೆ ಹೈದರಾಬಾದು. ದುಂಡನೆಯ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಯಾವ ಖರ್ಚೂ ಇಲ್ಲದೆ ಮನೆಮಕ್ಕಳಿಗೆ ತೋರಿಸಬಹುದಾದ ಪಾಠ ಇದು. ನಾಣ್ಯದ ಹುಚ್ಚು ಹತ್ತುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಎರಡು ಯಾವುದು, ಒಂದು ಯಾವುದು?

ಅಂಗಡಿಯವರ ವಾದ ಖಡಾಖಂಡಿತ. "ದಯವಿಟ್ಟು ಒಂದು ನಾಲ್ಕು ದಿನ ಸುಮ್ಮನಿರಿ, ಬದಲಾಯಿಸ್ಬೇಡಿ" ಎಂಬುದು ಅವರ ಅಂಬೋಣ. ಅವರ ಸಿಟ್ಟಿಗೆ ಕಾರಣವೂ ಇದೆ.

ಲೆಕ್ಕ ನೋಡಿ. 1992ರ ನಂತರ ಬಂದ ಸ್ಟೀಲಿನ ಒಂದು ರೂಪಾಯಿ ಅಡ್ಡಳತೆ 25 ಮಿಲಿಮೀಟರು, ತೂಕ 4.85 ಗ್ರಾಂ. 2011ರ ಸಾಲಿನಲ್ಲಿ ಬಂದ ಎರಡು ರೂಪಾಯಿಯ ಅಳತೆಯೂ ಅದೇ 25, ತೂಕವೂ ಅದೇ 4.85! ಎರಡೂ ಒಂದೇ ಬಣ್ಣ. ಹಳೇ ಒಂದು, ಹೊಸ ಎರಡು ಒಂದೇ ಪೆಟ್ಟಿಗೆಯಲ್ಲಿ ಬಿದ್ದರೆ ಕತ್ತಲಲ್ಲಿ ಬ್ರಹ್ಮನಿಗೂ ಗೊತ್ತಾಗದು. ಹೊಸ ಒಂದು ರೂಪಾಯಿ ಕುಗ್ಗಿ ಕುಗ್ಗಿ ಹಳೇ ಎಂಟಾಣೆಯ ಹತ್ತಿರ ಬಂದು ನಿಂತಿತು. ನಡುವೆ ಬೆರಳು ತೋರಿಸುವ ನಾಣ್ಯಗಳೂ ಬಂದು ಹೋದವು: 2007ರ ಸುಮಾರಿಗೆ ಒಂದು ರೂಪಾಯಿ ಮೇಲೆ ಎತ್ತಿದ ಹೆಬ್ಬೆರಳು, ಎರಡು ರೂಪಾಯಿ ಮೇಲೆ ಎರಡು ಬೆರಳು. ನೃತ್ಯದ ಹಸ್ತಮುದ್ರೆಯಂತೆ ಅವು. ಓದು ಬಾರದವರಿಗೂ ಬೆರಳೆಣಿಸಿದರೆ ಲೆಕ್ಕ ಸಿಗಲಿ ಎಂಬ ಉಪಾಯ ಕೆಟ್ಟದ್ದೇನಲ್ಲ. ಆದರೆ ಜನ ಕಲಿಯುವಷ್ಟರಲ್ಲಿ ಅದೂ ಬದಲಾಗಿ ಹೂವಿನ ಚಿತ್ತಾರ ಬಂತು.

ಕಂಡಕ್ಟರುಗಳ ವಾದ ಸ್ವಲ್ಪ ಬೇರೆ. ಕಡೇ ಬಸ್ಸು, ಮಂಕು ದೀಪ, ಶಿರಾಡಿ ಘಾಟಿಯ ತಿರುವು, ಒಂದು ಕೈ ಕಂಬಿಗೆ, ಒಂದು ಕೈ ಚೀಲಕ್ಕೆ. ಅಂಥ ಹೊತ್ತಿನಲ್ಲಿ ನಾಣ್ಯದ ಮೇಲಿನ ಚಿತ್ರ ಏನಾದರೆ ಅವರಿಗೇನು? ಕಣ್ಣಲ್ಲಿ ನೋಡಿ ಅಲ್ಲ, ಬೆರಳಲ್ಲಿ ಮುಟ್ಟಿ ಗೊತ್ತಾಗಬೇಕು. "ಚಿತ್ರ ಬೇಕಾದ್ದು ಹಾಕ್ಕೊಳ್ಳಿ, ಸೈಜು ಮಾತ್ರ ಒಂದೇ ಥರ ಇರಲಿ" ಎಂಬುದು ಅವರ ಒಂದು ಸಾಲಿನ ಅಹವಾಲು.

ಈ ಮಾತು ದಿಲ್ಲಿಗೂ ಸ್ವಲ್ಪ ಮಟ್ಟಿಗೆ ಕೇಳಿಸಿರಬೇಕು. 2019ರ ಮಾರ್ಚ್ 7ರಂದು ಪ್ರಧಾನಿ ನರೇಂದ್ರ ಮೋದಿ ಬಿಡುಗಡೆ ಮಾಡಿದ ಒಂದು, ಎರಡು, ಐದು, ಹತ್ತು, ಇಪ್ಪತ್ತು ರೂಪಾಯಿಗಳ ಹೊಸ ಸಾಲು ದೃಷ್ಟಿಹೀನರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದರ ವಿನ್ಯಾಸದಲ್ಲಿ ಕೈಜೋಡಿಸಿತು. ಬೆಲೆ ಏರಿದಂತೆ ತೂಕ ಏರುತ್ತದೆ. ಒಂದಕ್ಕೆ 20 ಮಿಲಿಮೀಟರು, ಎರಡಕ್ಕೆ 23, ಐದಕ್ಕೆ 25, ಹತ್ತಕ್ಕೆ 27. ಇಪ್ಪತ್ತು ರೂಪಾಯಿಗೂ ಅಳತೆ 27 ಮಿಲಿಮೀಟರೇ, ಆದರೆ ಅದು ದುಂಡಗಿಲ್ಲ, ಹನ್ನೆರಡು ಮೂಲೆಯದು, ತೂಕ 8.54 ಗ್ರಾಂ. ಮುಟ್ಟಿದರೆ ಸಾಕು, ಗೊತ್ತಾಗುತ್ತದೆ. ಹತ್ತಕ್ಕೆ ಹೊರಬಳೆ ಹಳದಿಯಾದರೆ ಇಪ್ಪತ್ತಕ್ಕೆ ಒಳಬಿಲ್ಲೆ ಹಳದಿ. ಮೇಲೆ ಬೇಸಾಯದ ಗುರುತಾಗಿ ಧಾನ್ಯದ ತೆನೆ.

ಒಳ್ಳೇ ಕೆಲಸವೇ. ಆದರೆ ಹಳೇ ಸಾಲುಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಹೊಸ ಎರಡು ರೂಪಾಯಿಯ ಅಳತೆ 2011ರ ಐದು ರೂಪಾಯಿಯ ಅಳತೆಯೇ. ಬಣ್ಣ ಬೇರೆ ಇರುವುದರಿಂದ ಕಣ್ಣಿದ್ದವರು ಬಚಾವು. ಯಾರಿಗಾಗಿ ಈ ಸಾಲು ಮಾಡಿದರೋ ಆ ಕಣ್ಣಿಲ್ಲದವರ ಪಾಡೇನು? ಹಳೆಯದನ್ನು ಹಿಂದಕ್ಕೆ ಪಡೆಯದೆ ಹೊಸದನ್ನು ಬಿಟ್ಟರೆ ಹಳೇ ಗೋಡೆಗೆ ಹೊಸ ಸುಣ್ಣ ಬಳಿದಂತೆ ಎಂಬುದು ಬಲ್ಲವರ ಟೀಕೆ.

ಬಿಲ್ಲೆಯ ಮೇಲೆ ಕನ್ನಡ

ಹಳೇ ನಾಣ್ಯ ಕೂಡಿಡುವವರ ಸಂಕಟ ಬೇರೆಯೇ. ಅವರ ಪ್ರಶ್ನೆ ನೇರ: "ನೋಟಿನ ಮೇಲೆ ಕನ್ನಡ ಇದೆ, ನಾಣ್ಯದ ಮೇಲೆ ಯಾಕಿಲ್ಲ?"

ನೋಟಿನ ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳ ನಡುವೆ ಕನ್ನಡವೂ ಉಂಟು. 2017ರಲ್ಲಿ ಬಂದ ಐವತ್ತರ ನೋಟಿನ ಹಿಂದೆ ನಮ್ಮ ಹಂಪೆಯ ಕಲ್ಲಿನ ರಥವೇ ಇದೆ. ದಿನಬಳಕೆಯ ನಾಣ್ಯದ ಮೇಲಾದರೆ ಹಿಂದಿ ಮತ್ತು ಇಂಗ್ಲಿಷು, ಅಷ್ಟೆ. ಅಷ್ಟು ಸಣ್ಣ ಬಿಲ್ಲೆಯಲ್ಲಿ ಎಲ್ಲ ಭಾಷೆಗೂ ಜಾಗ ಎಲ್ಲಿಂದ ತರುವುದು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಾಣ್ಯದ ಮೇಲೆ ಕನ್ನಡ ಬರೆಯುವುದು ಈ ನೆಲಕ್ಕೆ ಹೊಸದೇನಲ್ಲ, ಸ್ವಾಮಿ!

ಪಕ್ಕದ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಹೊಯ್ಸಳ ವಿಷ್ಣುವರ್ಧನ, ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊಡೆಸಿದ ಚಿನ್ನದ ನಾಣ್ಯದ ಒಂದು ಮಗ್ಗುಲಲ್ಲಿ ಸಿಂಹ, ಇನ್ನೊಂದು ಮಗ್ಗುಲಲ್ಲಿ ಕನ್ನಡ ಅಕ್ಷರ: "ಶ್ರೀ ತಳಕಾಡುಗೊಂಡ". ನೊಳಂಬವಾಡಿ ಗೆದ್ದಾಗ "ಶ್ರೀ ನೊಣಂಬವಾಡಿಗೊಂಡ". ಇಂದಿನ ಪತ್ರಿಕೆಯ ತಲೆಬರಹದಂತೆ ಅಂದಿನ ಗೆಲುವಿನ ಸುದ್ದಿ ನಾಣ್ಯದ ಮೇಲೇರಿ ಊರೂರು ಸುತ್ತುತ್ತಿತ್ತು. ಹೊಯ್ಸಳರಿಗೆ "ಮಲೆಪರೊಳ್ ಗಂಡ" ಎಂಬ ಬಿರುದೂ ಇತ್ತು. ಮಲೆಯ ಪಾಳೆಯಗಾರರ ಮೇಲೆ ಗಂಡು ಎನಿಸಿಕೊಂಡವನು ಎಂದರ್ಥ. ಸಕಲೇಶಪುರ, ಆಲೂರು ಕಡೆಯವರ ಮುತ್ತಜ್ಜಂದಿರೂ ಆ ಮಲೆಪರಲ್ಲಿ ಇದ್ದಿರಬಹುದು.

ನಾವು ಈಗಲೂ ಆಡುವ ಹಣ, ದುಡ್ಡು, ಕಾಸು ಎಂಬ ಮಾತುಗಳೆಲ್ಲ ಒಂದು ಕಾಲಕ್ಕೆ ನಾಣ್ಯದ ಹೆಸರುಗಳೇ. ಹತ್ತು ಹಣಕ್ಕೆ ಒಂದು ವರಹ, ಹಣದ ಕಾಲುಭಾಗಕ್ಕೆ ಒಂದು ಹಾಗ. ಸತ್ತುಹೋದ ನಾಣ್ಯ ನಾಲಿಗೆಯ ಮೇಲೆ ಬದುಕಿಕೊಂಡಿದೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ ಚಿನ್ನದ ಹಣ ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣದು. ಟಿಪ್ಪು ಸುಲ್ತಾನನ ತಾಮ್ರದ ಕಾಸಿನ ಮೇಲೆ ಆನೆ. ಊರ ಪಕ್ಕದ ಮಂಜರಾಬಾದು ಕೋಟೆಯನ್ನು 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದವನೂ ಅವನೇ. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸಿನ ಮೇಲೆ ಕನ್ನಡದಲ್ಲಿ "ಮಯಿಲಿ ಕಾಸು", ಜೊತೆಗೆ ಇಂಗ್ಲಿಷು, ಪಾರ್ಸಿ, ಹೀಗೆ ಮೂರು ಲಿಪಿ. 1843ರ ಹೊತ್ತಿಗೆ ಮೈಸೂರಿನ ನಾಣ್ಯ ನಿಂತಿತು. ಈ ಕಥೆಯನ್ನೆಲ್ಲ ಮೈಸೂರಿನ ವಿದ್ವಾಂಸ ಎ.ವಿ. ನರಸಿಂಹಮೂರ್ತಿಯವರು 1975ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದಿಟ್ಟಿದ್ದಾರೆ. ಅಂದು ಒಂದು ಸಣ್ಣ ತಾಮ್ರದ ಬಿಲ್ಲೆಯ ಮೇಲೆ ಮೂರು ಲಿಪಿ ಹಿಡಿಸಿತು, ಇಂದು ಯಾಕೆ ಹಿಡಿಸದು? ಈ ಪ್ರಶ್ನೆಗೆ ಅಂಗಡಿಯವರಲ್ಲೂ ಉತ್ತರವಿಲ್ಲ.

ಓಡಾಡದ ನಾಣ್ಯ

"ಸರಿ, ಸ್ಮರಣೆಯ ನಾಣ್ಯದಲ್ಲಾದರೂ ನಮ್ಮದನ್ನು ಹಾಕಲಿ" ಎಂಬುದು ಮುಂದಿನ ವಾದ. 1964ರಲ್ಲಿ ನೆಹರೂ ಅವರ ನೆನಪಿಗೆ ಒಂದು ರೂಪಾಯಿ ಮತ್ತು ಎಂಟಾಣೆ ಹೊಡೆದಲ್ಲಿಂದ ಸ್ವತಂತ್ರ ಭಾರತದ ಸ್ಮರಣೆಯ ನಾಣ್ಯಗಳು ಶುರು. ಬಸವೇಶ್ವರರ ನಾಣ್ಯ 2006ರದು. ಐದು ರೂಪಾಯಿಯದು, ನೂರು ರೂಪಾಯಿಯದು ಎರಡೂ ಬಂದವು. ಬಸವಣ್ಣನವರ ಐದು ರೂಪಾಯಿ ಸಿಕ್ಕಿದರೆ ಖರ್ಚು ಮಾಡದೆ ದೇವರ ಗೂಡಿನಲ್ಲಿಟ್ಟವರು ನಮ್ಮಲ್ಲಿ ಕಡಿಮೆಯಲ್ಲ.

ಈಗಿನ ದೊಡ್ಡ ಸ್ಮರಣೆಯ ನಾಣ್ಯಗಳ ರೀತಿ ಬೇರೆ. 2023ರ ಮೇ 28ರಂದು ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿಯ ನಾಣ್ಯದ ತೂಕ 35 ಗ್ರಾಂ, ಅರ್ಧ ಭಾಗ ಬೆಳ್ಳಿ. ಇಂಥವು ಅಂಗಡಿಗೆ ಬರುವುದಿಲ್ಲ, ಬಸ್ಸು ಹತ್ತುವುದಿಲ್ಲ. ಮುಂಗಡ ಹಣ ಕಟ್ಟಿ, ಮುಖಬೆಲೆಗಿಂತ ಹಲವು ಪಟ್ಟು ಕೊಟ್ಟು ಟಂಕಸಾಲೆಯಿಂದ ತರಿಸಿಕೊಳ್ಳಬೇಕು. ಉಳ್ಳವರ ಕಪಾಟಿಗೆ ಸೇರುವ ಇದನ್ನು ನಾಣ್ಯ ಎನ್ನಬೇಕೋ ಒಡವೆ ಎನ್ನಬೇಕೋ ಎಂದು ಬಡ ಸಂಗ್ರಾಹಕರು ಮೂಗು ಮುರಿಯುತ್ತಾರೆ. ತಪ್ಪೇನೂ ಇಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡು ಗುಡಿ ನಮ್ಮ ಜಿಲ್ಲೆಯವೇ. ಇದರ ನೆನಪಿಗೆ ಹತ್ತು ರೂಪಾಯಿಯ ಸಾಮಾನ್ಯ ನಾಣ್ಯವೊಂದು ಬರಲಿ, ಸಿಂಹದೊಡನೆ ಸೆಣಸುವ ಸಳನಿರಲಿ, ಅದು ಕಪಾಟಿಗೆ ಹೋಗದೆ ಬಸ್ಸಿನ ಚೀಲದಲ್ಲಿ ಝಣಗುಡಲಿ ಎಂಬ ಆಸೆ ಇಲ್ಲಿನ ನಾಣ್ಯಪ್ರಿಯರಲ್ಲಿದೆ. ಅಂಗಡಿಯವರು ಮಾತ್ರ ತಟ್ಟನೆ ಹೇಳುತ್ತಾರೆ: "ಬರಲಿ ಬಿಡಿ, ಆಮೇಲೆ ಇದು ಹದಿನೈದನೇ ಮುಖ, ನಡೆಯಲ್ಲ ಅಂತ ನೀವೇ ಬರ್ತೀರಿ!" ನಗು ಬಂದರೂ ಮಾತಿನಲ್ಲಿ ಹದಿನಾರಾಣೆ ಸತ್ಯ ಇದೆ. ಹೊಸ ಮುಖ ತೋರಿಸುವ ಮುನ್ನ ಜನಕ್ಕೆ ಪರಿಚಯ ಮಾಡಿಸುವ ಕೆಲಸ ಆಗಬೇಕು.

ಲಕ್ಷದ ಆಸೆಗೆ ಬಿದ್ದೀರಿ ಜೋಕೆ!

ಈ ನಡುವೆ ಇನ್ನೊಂದು ಪಿಡುಗು. "ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದ್ಯಾ? ಲಕ್ಷ ಕೊಡ್ತೀವಿ" ಎಂದು ಫೋನು ಬರುತ್ತದೆ. ಆ ನಾಣ್ಯ 2012ರದು, ಅಂಥ ಅಪರೂಪದ್ದೇನಲ್ಲ. ಮೊದಲು ನಾಣ್ಯದ ಫೋಟೊ ಕೇಳುತ್ತಾರೆ, ಆಮೇಲೆ "ನೋಂದಣಿ ಶುಲ್ಕ", ಆಮೇಲೆ "ತೆರಿಗೆ", ಆಮೇಲೆ "ರಿಸರ್ವ್ ಬ್ಯಾಂಕಿನ ಕಮಿಷನ್". ಲಕ್ಷ ಬರುವುದಿಲ್ಲ, ಸಾವಿರಗಳು ಹೋಗುತ್ತವೆ. ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಯಾರಿಗೂ ಕಮಿಷನ್ ಕೇಳುವ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ನಿಜವಾದ ಸಂಗ್ರಾಹಕ ಕೈಯಲ್ಲಿ ಹಿಡಿದು ನೋಡಿ ದುಡ್ಡು ಕೊಡುತ್ತಾನೆ, ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಇಷ್ಟು ನೆನಪಿಟ್ಟರೆ ಸಾಕು.

ತೋಟದಲ್ಲಿ ಗುಂಡಿ ತೆಗೆಯುವಾಗ ಹಳೇ ನಾಣ್ಯದ ಗಡಿಗೆ ಸಿಕ್ಕರೆ ಕದ್ದು ಮಾರುವುದೂ ಬೇಡ, ಕರಗಿಸುವುದೂ ಬೇಡ. ತಹಶೀಲ್ದಾರರಿಗೆ ತಿಳಿಸಿ. ಅಕ್ಕಸಾಲೆಯ ಕುಲುಮೆಯಲ್ಲಿ ಹೋದದ್ದು ಬರೀ ಚಿನ್ನವಲ್ಲ, ಊರಿನ ಚರಿತ್ರೆ. ಚಾಲ್ತಿಯಲ್ಲಿರುವ ನಾಣ್ಯ ಕರಗಿಸುವುದಂತೂ 2011ರ ಕಾಯ್ದೆಯಂತೆ ಜೈಲು ಶಿಕ್ಷೆಯ ಅಪರಾಧ.

ಫೋನು ಬಂತು, ಬಿಲ್ಲೆ ಹೋಯಿತೆ?

ಇಷ್ಟೆಲ್ಲ ವಾದದ ಕೊನೆಗೆ ಯಾರಾದರೊಬ್ಬ ಹುಡುಗ ಎದ್ದು, "ಎಲ್ಲಾ ಫೋನಲ್ಲೇ ಕೊಡ್ತಾರೆ, ಇನ್ನು ನಾಣ್ಯ ಯಾರಿಗೆ ಬೇಕು?" ಎನ್ನುವುದುಂಟು. ನಿಜ, ಬಸ್ಸಿನಲ್ಲೂ ಈಗ ಕಂಡಕ್ಟರ್ ಕೈಯ ಯಂತ್ರಕ್ಕೆ ಫೋನು ತೋರಿಸಿದರೆ ಟಿಕೆಟು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟು ಬಂದು, ಟಿಕೆಟಿನ ಹಿಂದೆ ಬಾಕಿ ಚಿಲ್ಲರೆ ಬರೆದುಕೊಡುವ ಗೋಳೂ ಅಷ್ಟರಮಟ್ಟಿಗೆ ತಗ್ಗಿದೆ. ನಾಲ್ಕಾಣೆ 2011ರ ಜೂನ್ ಅಂತ್ಯಕ್ಕೆ ಸತ್ತಿತು. ಎಂಟಾಣೆ ಕಾನೂನಿನಲ್ಲಿ ಬದುಕಿದೆ, ಪೇಟೆಯಲ್ಲಿ ಸತ್ತಿದೆ.

ಆದರೆ ಮಳೆಗಾಲದಲ್ಲಿ ಈ ಬೆಟ್ಟಗಳಿಗೆ ಬಂದು ನೋಡಿ. ಕರೆಂಟು ಹೋದರೆ ಟವರೂ ಹೋಗುತ್ತದೆ. ಟವರು ಹೋದರೆ ಫೋನು ಬರೀ ಕನ್ನಡಿ. ಹೆತ್ತೂರು, ಯಸಳೂರು ಕಡೆಯ ಅಂಗಡಿಯಲ್ಲಿ ಆಗ ನಡೆಯುವುದು ನೋಟು ಮತ್ತು ಬಿಲ್ಲೆ ಮಾತ್ರ. ಹಿಂದೆ ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡುತ್ತಿದ್ದ ಅಂಗಡಿಯವರಿಗೆ ಆ ಹೊತ್ತಿಗೆ ಬಿಲ್ಲೆಯ ಬೆಲೆ ಗೊತ್ತಾಗುತ್ತದೆ.

ಹಾಗಾಗಿ ಬೇಡಿಕೆ ದೊಡ್ಡದೇನಲ್ಲ. ಅಳತೆ ಒಂದೇ ಥರ ಇರಲಿ. ಚಿತ್ರ ಬದಲಾದರೆ ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಬಾಗಿಲಲ್ಲಿ, ಪಂಚಾಯಿತಿ ಕಚೇರಿಯಲ್ಲಿ ಕನ್ನಡದಲ್ಲೊಂದು ಭಿತ್ತಿಪತ್ರ ಅಂಟಿಸಲಿ. ಹಳೇ ಸಾಲನ್ನು ಬ್ಯಾಂಕುಗಳು ಕ್ರಮೇಣ ಹಿಂದಕ್ಕೆ ಪಡೆಯಲಿ. ಸಾಧ್ಯವಾದರೆ ಒಂದು ಬಿಲ್ಲೆಯ ಮೇಲಾದರೂ ನಮ್ಮ ಅಕ್ಷರ ಮೂಡಲಿ. ವ್ಯಾಪಾರಿಗಳೂ ಒಂದು ಮಾತು ತಿಳಿಯಬೇಕು: ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿವರೆಗಿನ ಪಾವತಿ ಕಾನೂನುಬದ್ಧ. ಹತ್ತು ರೂಪಾಯಿ ಬಿಲ್ಲೆಗೆ ಯಾವ ಮುಖವಿದ್ದರೂ ಅದು ಹತ್ತು ರೂಪಾಯಿಯೇ. "ಬೇರೆಯವರು ತಗೊಳಲ್ಲ" ಎನ್ನುವವರು, ಬೇರೆಯವರ ಪಾಲಿಗೆ ಆ ಬೇರೆಯವರು ತಾವೇ ಎಂಬುದನ್ನು ಮರೆಯದಿರಲಿ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಹರಿಸುವವರೆಗೆ, ಕಡೇ ಬಸ್ಸಿಗೆ ಕಾದು ನಿಂತ ಆ ಕೂಲಿಯವಳು ಬಿಲ್ಲೆ ಚಾಚಿದರೆ, ದಯವಿಟ್ಟು ತಿರುಗಿಸಿ ನೋಡದೆ ಒಂದು ಬನ್ನು ಕೊಟ್ಟು ಕಳಿಸಿ.